ಗಿಳಿಪಟ್ಟಿ

ಜೂನ್ 3, ಮಂಗಳವಾರ

ಗೋವಿಂದರಾಜನಗರದ ಸಾಣೆ ಸಂಸ್ಥಾನಕ್ಕೆ ಇಂದು ಕಲ್ಲುಗಳ ದಿಬ್ಬಣ ಬಂದಿಳಿಯಿತು. ಗೂಡ್ಸ್ ಆಟೋದಲ್ಲಿ, ಗೋಣಿಚೀಲ ಹೊದ್ದು. ಸಂಸ್ಥಾನವೆಂದರೆ ಮಾಮನ ಬಾಡಿಗೆ ಮನೆಯ ಮುಂದಿನ ಕೋಣೆ: ಒಂದು ಗರಗಸ, ಎರಡು ಸಾಣೆ ಚಕ್ರ, ನೀರಿನ ಬೋಗುಣಿ ಮತ್ತು ನಾನು. ಅಧಿಪತಿಗಳು ಶ್ರೀಮಾನ್ ಕೊಟ್ರಪ್ಪನವರು, ನನ್ನ ಅವ್ವನ ಅಣ್ಣ. ನಾನು ನೀಲಾಂಬಿಕಾ, ಬಿ.ಕಾಂ. ಮುಗಿಸಿ ಕೂಡ್ಲಿಗಿಯಿಂದ ಬಂದು ಪ್ರಧಾನ ಅರಗು ಕಾಯಿಸುವ ಅಧಿಕಾರಿಯಾಗಿ ನೇಮಕಗೊಂಡವಳು. ಅರಗು ಕಾಯಿಸಿ, ಕಲ್ಲನ್ನು ಕಡ್ಡಿಗೆ ಅಂಟಿಸಿ ಕೊಡುವುದು ನನ್ನ ಕೆಲಸ. ಚಕ್ರಕ್ಕೆ ಹಿಡಿಯುವುದು ಅಧಿಪತಿಗಳ ಕೆಲಸ.

ರಾಜಾಜಿನಗರದಲ್ಲಿ ಮುಚ್ಚಿಹೋದ ಒಂದು ಸಾಣೆ ಅಂಗಡಿಯ ಸ್ಲ್ಯಾಬುಗಳನ್ನೆಲ್ಲ ಮಾಮ ಒಟ್ಟಿಗೆ ಕೊಂಡಿದ್ದಾನೆ. ದಪ್ಪ ರೊಟ್ಟಿಯಂತೆ ಕೊಯ್ದಿಟ್ಟ ಕಲ್ಲಿನ ಹೋಳುಗಳು. ಯಾವುದರ ಮೇಲೂ ಹೆಸರಿಲ್ಲ, ಎಲ್ಲಕ್ಕೂ ಗರಗಸದ ಎಣ್ಣೆಗೆಸರು ಮೆತ್ತಿದೆ. ಹೀಗಾಗಿ ಇಂದಿನಿಂದ ನಾಮಕರಣ ಮಹೋತ್ಸವ. ಕಲ್ಲನ್ನು ತೊಳೆಯಬೇಕು, ಮೆರುಗು ಕೊಟ್ಟ ಮೇಲೆ ಹೇಗೆ ಕಾಣುತ್ತದೆಂದು ಒದ್ದೆಯಲ್ಲೇ ತಿಳಿಯುತ್ತದಂತೆ. ಬಿಸಿಲಿಗೆ ಹಿಡಿಯಬೇಕು, ಬಿರುಕು ಕಾಣಲು. ಕೊನೆಗೆ ಮಾಮ ಅದನ್ನು ಕೆಳತುಟಿಗೆ ತಾಗಿಸುತ್ತಾನೆ. ಕಲ್ಲಾದರೆ ತಣ್ಣಗೆ, ಪ್ಲಾಸ್ಟಿಕ್ಕಾದರೆ ಬೆಚ್ಚಗೆ. ಆಮೇಲೆ ಹೆಸರು ಹೇಳುತ್ತಾನೆ. ನಾನು ಮಾರ್ಕರಿನಲ್ಲಿ ಬರೆದು ಮೂರು ತಟ್ಟೆಗಳಲ್ಲಿ ಒಂದಕ್ಕೆ ಹಾಕುತ್ತೇನೆ: ಗಟ್ಟಿ, ಮೆತ್ತಗೆ, ಕಸ.

ನಾಲ್ಕನೆಯ ತಟ್ಟೆ ಇಲ್ಲ. ಮಾಮ ಯಾವ ಕಲ್ಲಿಗೂ ಗೊತ್ತಿಲ್ಲ ಎಂದವನಲ್ಲ. ವಿಜಯನಗರ, ಆರ್‌ಪಿಸಿ ಲೇಔಟಿನ ಬೆಳ್ಳಿ ಅಂಗಡಿಯವರು ಯಾವ ಲ್ಯಾಬಿಗೂ ಹೋಗುವುದಿಲ್ಲ. "ಕೊಟ್ರಪ್ಪ ಏನಂದ?" ಅಂತಾರೆ, ಅಲ್ಲಿಗೆ ಮುಗಿಯಿತು.

ಇಂಥ ಸರ್ವಜ್ಞತ್ವವನ್ನು ಆಗಾಗ ಪರೀಕ್ಷಿಸುವುದು ಪ್ರಜೆಗಳ ಕರ್ತವ್ಯ. ನೀಲಿ ಬಟ್ಟೆಸೋಪನ್ನು ಕಲ್ಲಿನಂತೆ ಕೆತ್ತಿ ಅರಗಿಗೆ ಅಂಟಿಸಿ ಕೊಟ್ಟಿದ್ದೆ. ಚಕ್ರದಿಂದ ನೊರೆ ಬಂದ ಆ ದಿನ ಚಿರಸ್ಮರಣೀಯ. ಹೋದ ತಿಂಗಳು ಅಸಲಿ ಕೆಂಪು ಜ್ಯಾಸ್ಪರ್ ಕಲ್ಲನ್ನು ಇಟ್ಟಿಗೆ ಎಂದು ಆಣೆ ಮಾಡಿ ಹೇಳಿ, ಅರ್ಧ ದಿನ ಕಸದ ತಟ್ಟೆಯಲ್ಲಿ ಕೂರಿಸಿದ್ದೆ.

ಜೂನ್ 5, ಗುರುವಾರ

ಮಹಾಶೋಧ!

ಮಾಮನ ಹೆಂಡತಿ ಹೊನ್ನತ್ತೆಯ ಸ್ಕೂಟಿಗೆ ಬಣ್ಣ ಹೊಡೆಸಲು ಬ್ಯಾಡರಹಳ್ಳಿಗೆ ಹೋಗಿದ್ದೆ. ಕಾಂತರಾಜು ಅನ್ನುವವರ ಶೆಡ್ಡು, ಮುಖ್ಯವಾಗಿ ಆಟೋಗಳಿಗೆ ಬಣ್ಣ ಹೊಡೆಯುವುದು. ಬಿಡಿಭಾಗಗಳನ್ನು ನೇತುಹಾಕಿ ಸ್ಪ್ರೇ ಮಾಡುವ ಒಂದು ಕಬ್ಬಿಣದ ಸ್ಟ್ಯಾಂಡಿದೆ. ವರ್ಷಾನುಗಟ್ಟಲೆ ಅದರ ಮೇಲೆ ಬಣ್ಣ ಬಿದ್ದು, ಒಣಗಿ, ಮತ್ತೆ ಬಿದ್ದು, ಮುಷ್ಟಿ ಗಾತ್ರದ ಗಂಟಾಗಿದೆ. ಮುರಿದಲ್ಲಿ ನೋಡಿದರೆ ಪದರ ಪದರ: ಕಪ್ಪು, ಹಳದಿ, ಕಪ್ಪು, ಹಳದಿ, ಮೇಲೆ ಹೋದಂತೆ ಹಸಿರು, ಹಳದಿ, ಹಸಿರು. ಊರಿನ ಆಟೋಗಳು ಬಣ್ಣ ಬದಲಿಸಿದ ಚರಿತ್ರೆಯೆಲ್ಲ ಅಲ್ಲಿ ಹೆಪ್ಪುಗಟ್ಟಿ ಕೂತಿದೆ.

"ಅಣ್ಣ, ಇದೊಂದು ಗಂಟು ತಗೊಳ್ಲಾ?"

"ತಗೊಳಮ್ಮ. ಯಾಕೆ, ತಿನ್ನಕ್ಕಾ?"

ಮಾಮ ಊಟಕ್ಕೆ ಎದ್ದಾಗ ಗರಗಸಕ್ಕೆ ಕೊಟ್ಟೆ. ಒಳಗೆ ಕಣ್ಣುಗಳು, ಅಲೆಗಳು, ಸುಳಿಗಳು! ಬಣ್ಣ ಹಗುರ, ಕೈಗೆತ್ತಿದರೆ ಸಿಕ್ಕಿಬೀಳುತ್ತದೆ. ಅದಕ್ಕೆ ಅಡುಗೆಕಟ್ಟೆಯ ಕರಿ ಗ್ರಾನೈಟಿನ ತುಂಡನ್ನು ತೆಳ್ಳಗೆ ಕೊಯ್ದು ಬೆನ್ನಿಗೆ ಅಂಟಿಸಿದೆ. ಅಂಚಿನ ಜೋಡಣೆ ಕಾಣದಂತೆ ಗರಗಸದ ಕೆಸರು ಬಳಿದೆ. ತೂಕವೂ ಆಯಿತು, ತಂಪೂ ಆಯಿತು. ನನ್ನ ಕೈಯಿಂದ ಈವರೆಗೆ ಇಷ್ಟು ಅಚ್ಚುಕಟ್ಟಾದ ಕೆಲಸ ಆಗಿರಲಿಲ್ಲ ಎಂದು ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಮಾಮ ಕೊಂಡ ಲಾಟಿನ ನಡುವೆ ಸೇರಿಸಿದ್ದೇನೆ. ಮಾಮ ತುಟಿಗೆ ತಾಗಿಸುತ್ತಾನೆ, ಹೆಸರು ಹೇಳುತ್ತಾನೆ, ನಾನು ಸೊಂಟ ಬಗ್ಗಿಸಿ ನಮಸ್ಕರಿಸಿ "ಮೀಟರ್ ಮೇಲೆ ಎಷ್ಟು ಕೊಡಲಿ ಸ್ವಾಮಿ?" ಅನ್ನುತ್ತೇನೆ. ಕನ್ನಡಿ ಮುಂದೆ ಅಭ್ಯಾಸ ಆಗಿದೆ.

ಜೂನ್ 6, ಶುಕ್ರವಾರ

ನಮಸ್ಕಾರ ಆಗಲಿಲ್ಲ.

ಸಂಘಮಿತ್ರಾ ಮೇಡಂ ಸಂಜೆ ಬರುವವರು ಬೆಳಿಗ್ಗೆಯೇ ಬಂದರು. ಬಸವೇಶ್ವರನಗರದಲ್ಲಿ ಬೆಳ್ಳಿ ಪದಕ ಮಾಡುತ್ತಾರೆ. ಮಾಮನ ಕಲ್ಲಲ್ಲದೆ ಬೇರೆ ಕಲ್ಲು ಮುಟ್ಟುವುದಿಲ್ಲ. ಬೋಗುಣಿಯೊಳಗೆ ಕೈ ಹಾಕಿ ನೇರವಾಗಿ ಅದನ್ನೇ ಎತ್ತಿದರು.

"ಅಯ್ಯೋ, ಇದೇನು ಕೊಟ್ರಪ್ಪನೋರೆ ಇಷ್ಟ್ ಚೆನ್ನಾಗಿದೆ!"

ಮಾಮ ಈಸಿಕೊಂಡ. ಮತ್ತೆ ನೀರಿಗೆ ಅದ್ದಿದ. ಬಿಸಿಲಿಗೆ ಹಿಡಿದ. ತಿರುಗಿಸಿ, ಕಪ್ಪು ಬೆನ್ನನ್ನು ತುಟಿಗೆ ತಾಗಿಸಿದ. ಇಷ್ಟು ಹೊತ್ತು ಅವನು ಯಾವ ಕಲ್ಲನ್ನೂ ತುಟಿಗೆ ಹಿಡಿದದ್ದು ನಾನು ನೋಡಿಲ್ಲ. ಮೇಡಂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಗಿಳಿಪಟ್ಟಿ," ಎಂದ. "ಗಿಳಿಪಟ್ಟಿ ಅಗೇಟು. ಈಗೆಲ್ಲ ಸಿಗೂದಿಲ್ಲ ಇದು."

ಗಿಳಿಪಟ್ಟಿ! ಪಟ್ಟೆ ಪಟ್ಟೆಯ ಅಗೇಟು ಕಲ್ಲು ಉಂಟು, ಈ ಹೆಸರಿನದು ಎಲ್ಲೂ ಇಲ್ಲ. ನಾನು ಬಗ್ಗಲು ಸೊಂಟಕ್ಕೆ ಕೈ ಕೊಟ್ಟಿದ್ದೆ, ಕೈ ಅಲ್ಲೇ ಉಳಿಯಿತು. ಮನೆಯವರ ಮುಂದೆ ತಮಾಷೆ ಬೇರೆ, ಗಿರಾಕಿ ಮುಂದೆ ಬೇರೆ. ಅವರು ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅವರು ಹೋದರು, ಸ್ಲ್ಯಾಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೇ ಹೋದರು. ಹೇಗೆ ಕತ್ತರಿಸಬೇಕೆಂದು ಚಿತ್ರ ಬರೆದು ತರುತ್ತಾರಂತೆ. ತಿಂಗಳ ಕೊನೆಯ ಪ್ರದರ್ಶನದಲ್ಲಿ ನಡುವಿನ ಪದಕ ಅದೇ ಅಂತೆ. ಪಕ್ಕದಲ್ಲಿ ಒಂದು ಕಾರ್ಡು ಇಡುತ್ತಾರಂತೆ: ಕಲ್ಲು, ಗಿಳಿಪಟ್ಟಿ ಅಗೇಟು, ಗುರುತಿಸಿದವರು, ಕೊಟ್ರಪ್ಪ.

"ನನ್ನ ಹೆಸರು ಯಾಕ್ರೀ ಮೇಡಂ," ಎಂದ ಮಾಮ. ಬೇಡ ಅನ್ನಲಿಲ್ಲ.

ಜೂನ್ 7, ಶನಿವಾರ

ಹೇಳಿದೆ.

"ಮಾಮ, ಆ ಗಿಳಿಪಟ್ಟಿ ಕಲ್ಲಲ್ಲ. ಆಟೋ ಬಣ್ಣ. ನಾನ ಮಾಡಿದ್ದು."

ಮಾಮ ಚಕ್ರ ನಿಲ್ಲಿಸಲಿಲ್ಲ. "ಹೌದಾ? ಹ್ವಾದ ತಿಂಗಳ ಜ್ಯಾಸ್ಪರ್‌ನ ಇಟ್ಟಂಗಿ ಅಂದಿದ್ದಿ."

"ಅದು ಸುಳ್ಳು. ಇದು ಖರೇ."

"ಅವಾಗೂ ಖರೇ ಅಂತ ನಿಮ್ಮವ್ವನ ಆಣಿ ಮಾಡಿದ್ದೆಲ್ಲ?"

"ಈಗ ನಿನ್ನಾಣಿ ಮಾಮ."

"ನನ್ನ ಯಾಕ ನಡುವ ತರ್ತಿ? ಹೋಗು, ಅರಗು ಕಾಸು." ಆಮೇಲೆ ಸ್ವಲ್ಪ ಜೋರಾಗಿಯೇ, "ತುಟಿಗಿ ಹಿಡದು ನೋಡೇನಿ. ತಣ್ಣಗ ಐತಿ. ಕಲ್ಲು ಅದು."

ಒಳಗಿನಿಂದ ಅತ್ತೆ, "ಏನಂತಾಳ್ರೀ ಅಕಿ?"

"ಏನಿಲ್ಲ. ಹೊಸಾ ನಾಟಕ."

ಸತ್ಯವನ್ನು ಸುಳ್ಳಿನ ದರದಲ್ಲೂ ಯಾರೂ ಕೊಳ್ಳದ ಕಾಲ ಬಂದಿದೆ ಎಂದು ವಿಷಾದದಿಂದ ನಮೂದಿಸುತ್ತೇನೆ. ಇನ್ನೊಂದು: ಮಾಮ ಆ ಹೊತ್ತಿನಲ್ಲಿ ಚಕ್ರಕ್ಕೆ ಹಿಡಿದಿದ್ದ ಒಳ್ಳೆಯ ಕಲ್ಲಿನ ಮೂತಿಯನ್ನು ಚಪ್ಪಟೆ ಮಾಡಿ ಕೆಡಿಸಿದ. ಎಂದೂ ಹಾಗೆ ಮಾಡಿದವನಲ್ಲ. ವಯಸ್ಸಾಯಿತು ಅನ್ನಿಸುತ್ತದೆ.

ಜೂನ್ 9, ಸೋಮವಾರ

ಸಾಕ್ಷ್ಯ ಸಂಗ್ರಹಕ್ಕೆ ಬ್ಯಾಡರಹಳ್ಳಿಗೆ ದಂಡಯಾತ್ರೆ. ಸ್ಟ್ಯಾಂಡು ಫಳಫಳ ಹೊಳೆಯುತ್ತಿತ್ತು.

"ಮೊನ್ನೆ ನೀವ್ ಕೇಳಿದ್ರಲ್ಲಮ್ಮ, ಆಗ್ಲೇ ನಂಗೆ ನಾಚ್ಕೆ ಆಯ್ತು, ಎಷ್ಟ್ ಗಲೀಜು ಮಡಗಿದೀನಿ ಅಂತ," ಎಂದರು ಕಾಂತರಾಜು. "ಎಲ್ಲಾ ಕೆರೆದು ಕಸದ ಗಾಡಿಗೆ ಹಾಕ್ಬಿಟ್ಟೆ."

ನಾನು ಕೊಯ್ದು ಉಳಿದ ಚೂರುಗಳನ್ನು ಅತ್ತೆ ಗರಗಸದ ಕೆಸರಿನ ಜೊತೆ ಎತ್ತಿ ಎಸೆದಿದ್ದಾಳೆ. ಎಲ್ಲರೂ ಏಕಕಾಲಕ್ಕೆ ಶುಚಿಯಾಗಿದ್ದಾರೆ.

ಜೂನ್ 11, ಬುಧವಾರ

ಅಕ್ಷರ ಸೊಟ್ಟಗಿದೆ, ಕ್ಷಮೆಯಿರಲಿ.

ಮೇಡಂ ಫೋನ್ ಮಾಡಿದ್ದರು. ನಡುವಿನ ಪದಕವೊಂದೇ ಸಾಲದು, ಪೂರ್ತಿ ಸೆಟ್ಟನ್ನೇ ಗಿಳಿಪಟ್ಟಿಯಲ್ಲಿ ಮಾಡಬೇಕಂತೆ. ಸಿಗುವುದಿಲ್ಲ ಎಂದ ಮಾಮ. ಅದಕ್ಕೆ ಅವರು, "ಇಲ್ಲ, ಸಿಕ್ತು. ಕೆಂಗೇರೀಲಿ ಮುರುಗೇಶ್ ಅಂತ ಸ್ಲ್ಯಾಬ್ ವ್ಯಾಪಾರಿ ಇದಾರೆ. ಫೋಟೋ ಕಳಿಸಿ, ಗಿಳಿಪಟ್ಟಿ ಇದ್ಯಾ ಅಂತ ಕೇಳ್ದೆ. 'ಇದೆಯಲ್ಲಾ ಮೇಡಂ, ಒಂದ್ ಮೂಟೆ ಇದೆ' ಅಂದ್ರು! ಭಾನುವಾರ ನೀವೂ ಬಂದು ಒಂದ್ಸಲ ಹೂಂ ಅಂದ್ಬಿಡಿ. ನೀವು ಹೂಂ ಅಂದ್ರೆ ಎಲ್ಲಾ ತಗೊಳ್ತೀನಿ."

ಮೂರು ಲೋಕದಲ್ಲೂ ಒಂದೇ ಒಂದು ಗಿಳಿಪಟ್ಟಿ ಇದೆ. ಅದನ್ನು ನಾನು ಹೋದ ಗುರುವಾರ ಅಂಟಿನಲ್ಲಿ ಅಂಟಿಸಿದೆ. ಮುರುಗೇಶನ ಬಳಿ ಒಂದು ಮೂಟೆ ಇದೆಯಂತೆ.

ಮಾಮ ಫೋನ್ ಇಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಎಂಥದೋ ನಿರಾಳ. "ನೋಡಿದಿ? ಐತಂತ. ಮೂಟಿಗಟ್ಟಲೆ ಐತಂತ. ಆಟೋ ಬಣ್ಣ ಅಂತ ಆಟೋ ಬಣ್ಣ!"

ರಾತ್ರಿ ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದ. ನನಗೆ ಒಂದೂ ಇಳಿಯಲಿಲ್ಲ.

ಜೂನ್ 13, ಶುಕ್ರವಾರ

ಮುರುಗೇಶನ ಮೂಟೆಯಲ್ಲಿ ಏನಿರುತ್ತದೆಂದು ಊಹಿಸಬಲ್ಲೆ. ಬೂದು ಅಗೇಟಿಗೆ ಬಣ್ಣ ಕುಡಿಸಿರುತ್ತಾನೆ. ಕಲ್ಲೇನೋ ಕಲ್ಲೇ, ತುಟಿಗೆ ತಣ್ಣಗೇ ಇರುತ್ತದೆ. ಮಾಮ ಹೂಂ ಅನ್ನುತ್ತಾನೆ. ಕೊರಳಿಗೆ ಹಾಕಿದವರ ಬೆವರಿಗೆ ಬಣ್ಣ ಬಿಟ್ಟ ದಿನ, ಕಾರ್ಡಿನ ಮೇಲಿರುವುದು ಮಾಮನ ಹೆಸರು.

ಹಿಡಿಯುವುದು ಸುಲಭ. ನೈಲ್ ಪಾಲಿಶ್ ರಿಮೂವರಿಗೆ ಹತ್ತಿ ಅದ್ದಿ ಉಜ್ಜಿದರೆ ಸಾಕು. ಆದರೆ ಮೇಡಂ ತಮ್ಮ ಸ್ಲ್ಯಾಬನ್ನು ಅಲ್ಲಿಗೆ ತಂದೇ ತರುತ್ತಾರೆ. ಅದೇ ಹತ್ತಿ ಅದರ ಮೇಲೂ ಓಡಿದರೆ? ಮುರುಗೇಶನನ್ನು ಹಿಡಿದುಕೊಡುವ ಸೀಸೆಯೇ ಮಾಮನನ್ನೂ ಹಿಡಿದುಕೊಡುತ್ತದೆ.

ಮತ್ತೊಮ್ಮೆ ಹೇಳಲು ಹೋದೆ. "ಬಾಯಿ ಮುಚ್ಚು," ಎಂದ. ಮಾಮ ನನಗೆ ಎಂದೂ ಹಾಗೆ ಅಂದಿರಲಿಲ್ಲ.

ಕೂರಲಾಗದೆ ಲಾಟಿನಲ್ಲಿ ಉಳಿದ ಸ್ಲ್ಯಾಬುಗಳನ್ನು ನಾನೇ ತೊಳೆದೆ. ಅಂಚಿನಲ್ಲಿ ಕಾಣದ ಕಡೆ ಸೂಜಿಯಿಂದ ಗೀಚಿ, ಗೆರೆ ಬಿದ್ದದ್ದು ಮೆತ್ತಗೆ, ಬೀಳದ್ದು ಗಟ್ಟಿ ಎಂದು ತಟ್ಟೆಗಳಿಗೆ ಹಾಕಿದೆ. ಮಾಮ ಬಂದು ನೋಡಿ ಎರಡನ್ನು ಮಾತ್ರ ಬದಲಾಯಿಸಿದ. ಹೊತ್ತು ಹೋಯಿತು, ಅಷ್ಟೆ.

ಜೂನ್ 14, ಶನಿವಾರ

ನಾಳೆ ಕೆಂಗೇರಿ. ಸೀಸೆಯನ್ನು ಬ್ಯಾಗಿಗೆ ಹಾಕಿದೆ. ತೆಗೆದೆ. ಹಾಕಿದೆ.

ಜೂನ್ 15, ಭಾನುವಾರ

ಎಲ್ಲವನ್ನೂ ಆದ ಹಾಗೆ ಬರೆಯುತ್ತೇನೆ.

ಮುರುಗೇಶ್ ಅಂಗಳದಲ್ಲಿ ಒದ್ದೆ ಗೋಣಿ ಹಾಸಿ ಅದರ ಮೇಲೆ ಸ್ಲ್ಯಾಬುಗಳನ್ನು ಹರಡಿದ್ದ. ಒದ್ದೆಯಷ್ಟೇ ಅಲ್ಲ, ಎಣ್ಣೆಯೂ ಸವರಿತ್ತು. ಹಸಿರು, ಹಳದಿ ಪಟ್ಟಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಬಗ್ಗಿ ನೋಡಿದೆ. ಸಣ್ಣ ಬಿರುಕುಗಳಿದ್ದ ಕಡೆಯೆಲ್ಲ ಹಸಿರು ದಟ್ಟವಾಗಿ ನಿಂತಿತ್ತು, ಒಡೆದ ಹಿಮ್ಮಡಿಯಲ್ಲಿ ಮೆಹಂದಿ ನಿಂತ ಹಾಗೆ. ಕಲ್ಲಿಗೆ ಹುಟ್ಟಿನಿಂದ ಬಂದ ಬಣ್ಣ ಬಿರುಕನ್ನು ಹುಡುಕಿಕೊಂಡು ಹೋಗುವುದಿಲ್ಲ.

"ನೀವೇ ಹೆಸ್ರು ಹೇಳಿದ್ ಕಲ್ಲು ಸಾರ್, ನೀವೇ ನೋಡ್ಕೊಳಿ," ಎಂದ ಮುರುಗೇಶ್. "ನಾನ್ ಇದುನ್ನ ಎಷ್ಟೋ ವರ್ಷದಿಂದ ಮಾರ್ತಾ ಇದೀನಿ. ಗಿಳಿಪಟ್ಟಿ ಅಂದ್ರೆ ಮುರುಗೇಶ್, ಮುರುಗೇಶ್ ಅಂದ್ರೆ ಗಿಳಿಪಟ್ಟಿ."

ಮೇಡಂ ಕರವಸ್ತ್ರ ಬಿಚ್ಚಿ ತಮ್ಮ ಸ್ಲ್ಯಾಬನ್ನು ಪಕ್ಕದಲ್ಲಿ ಇಟ್ಟರು. "ಒಂದೇ ತರ ಇದೆ ಅಲ್ವಾ ಕೊಟ್ರಪ್ಪನೋರೆ?"

ಮಾಮ ಮುರುಗೇಶನದೊಂದನ್ನು ಎತ್ತಿ ತುಟಿಗೆ ತಾಗಿಸಿದ. "ಕಲ್ಲು ಹೌದು."

"ಮತ್ತೆ!" ಎಂದ ಮುರುಗೇಶ್.

ಮಾಮ ಕೆಳಗಿಡಲಿಲ್ಲ. ಬಿಸಿಲಿಗೆ ಹಿಡಿದ. ತಿರುಗಿಸಿದ. ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದ. ನನಗೆ ಕಂಡದ್ದು ಅವನಿಗೂ ಕಂಡಿತು, ಕಾಣದೆ ಇರುವುದು ಹೇಗೆ? ಹೂಂ ಅಂದುಬಿಟ್ಟರೆ ಗಿಳಿಪಟ್ಟಿ ಜಗತ್ತಿನಲ್ಲಿ ಇದೆ ಎಂದಾಗುತ್ತದೆ. ಅವನ ಮಾತು ಉಳಿಯುತ್ತದೆ, ನನ್ನ ಮಾತು ನಾಟಕವೇ ಆಗುತ್ತದೆ, ಎಲ್ಲರೂ ಮನೆಗೆ ಹೋಗುತ್ತೇವೆ. ನಿಜ ಹೇಳಬೇಕೆಂದರೆ, ಆ ಕ್ಷಣ ಅವನು ಹೂಂ ಅನ್ನಲಿ ಎಂದೇ ನಾನು ಬೇಡಿಕೊಂಡೆ.

"ನೀಲವ್ವ," ಎಂದ ಮಾಮ, ನನ್ನ ಕಡೆ ನೋಡದೆ. "ಉಗುರಬಣ್ಣ ತೆಗಿಯೂದು ತಂದೀಯೇನು?"

"ಇಲ್ಲ."

"ತಂದಿ. ಬಸ್ಸಿನಾಗಿಂದ ವಾಸನಿ ಬರಾಕತ್ತೈತಿ."

ಕೊಟ್ಟೆ. ಮಾಮ ಹತ್ತಿ ಅದ್ದಿ ಉಜ್ಜಿದ. ಹತ್ತಿ ಹಸಿರಾಯಿತು.

"ಅದು ಪಾಲಿಶ್ದು ಸಾರ್, ಪಾಲಿಶ್ ಹಂಗೇ ಬರುತ್ತೆ…"

"ಬಣ್ಣ ಕುಡಿಸೀರಿ," ಎಂದ ಮಾಮ. "ತಗೋಬ್ಯಾಡ್ರಿ ಮೇಡಂ."

ಮೇಡಂ ನಿಟ್ಟುಸಿರು ಬಿಟ್ಟರು. ಆಮೇಲೆ ನಗುತ್ತಲೇ, ಏನೂ ಅನುಮಾನವಿಲ್ಲದೆ, ತಮ್ಮದನ್ನು ಮುಂದೆ ಸರಿಸಿದರು. "ನಮ್ ಅಸಲಿಗೂ ಒಂದ್ಸಲ ಹಚ್ಚಿ ತೋರ್ಸಿ ಇವರಿಗೆ."

ನಾನು ಅದರ ಮೇಲೆ ಅಂಗೈ ಇಟ್ಟೆ.

"ಬೇಡ ಮೇಡಂ. ಇದು ಕಲ್ಲಲ್ಲ. ಆಟೋಗೆ ಹೊಡೆಯೋ ಬಣ್ಣ. ನಾನ್ ಮಾಡಿದ್ದು, ತಮಾಷೆಗೆ. ಮಾಮನ ಕಿವೀಲಿ ಹೆಸ್ರು ಹೇಳ್ಕೊಟ್ಟಿದ್ದೂ ನಾನೇ. ಪುಸ್ತಕದಲ್ಲಿದೆ ಅಂತ ನಂಬಿಸ್ದೆ. ಅವ್ರಿಗೇನೂ ಗೊತ್ತಿಲ್ಲ."

ಕೊನೆಯ ಮೂರು ಮಾತು ಸುಳ್ಳು. ಅಷ್ಟು ಒಳ್ಳೆಯ ಸುಳ್ಳನ್ನು ನಾನು ಎಂದೂ ಹೇಳಿರಲಿಲ್ಲ.

ಮಾಮ ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಹೊಸ ಹತ್ತಿ ಅದ್ದಿ, ಬಣ್ಣದ ಮೇಲೆ ಒತ್ತಿ ಉಜ್ಜಿದ. ಹತ್ತಿ ಹಳದಿಯಾಯಿತು, ಆಮೇಲೆ ಹಸಿರು. ಹತ್ತಿಯನ್ನು ಮೇಡಂ ಕೈಗೆ ಕೊಟ್ಟ.

"ಹೆಸರು ಅಕಿ ಹೇಳಿಲ್ಲ. ನಾನ ಹೇಳಿದ್ದು. ಮರುದಿನನ ಅಕಿ ಬಣ್ಣ ಅಂತ ಹೇಳಿದ್ಲು, ನಾನ ಕಿವಿ ಕೊಡಲಿಲ್ಲ. ಅವತ್ತು ಇದನ್ನ ಹಿಡದಾಗ ನನಗ ಇದು ಏನಂತ ಗೊತ್ತಾಗಲಿಲ್ಲ ಮೇಡಂ. ನೀವು ಬಾಯಿ ನೋಡಕೊಂತ ನಿಂತಿದ್ರಿ. ಗೊತ್ತಿಲ್ಲ ಅನ್ನಾಕ ನಾಲಿಗಿ ಏಳಲಿಲ್ಲ."

ಮೊದಲು ನಕ್ಕವನು ಮುರುಗೇಶ್. ನಕ್ಕು ನಕ್ಕು ಗೋಣಿಯ ಮೇಲೇ ಕೂತ.

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಕರವಸ್ತ್ರವನ್ನು ಮಾತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡರು. "ನಾನು ಫೋನ್ ಮಾಡ್ತೀನಿ," ಎಂದು ಕಾರು ಹತ್ತಿದರು. ಸ್ಲ್ಯಾಬನ್ನು ಮಾಮ ಅಂಗಿಯ ಜೇಬಿಗೆ ಹಾಕಿಕೊಂಡ.

ಜೂನ್ 17, ಮಂಗಳವಾರ

ಫೋನ್ ಬಂದಿಲ್ಲ. ಚಕ್ರ ತಿರುಗಿಲ್ಲ.

ಜೂನ್ 18, ಬುಧವಾರ

ಇಲ್ಲ.

ಜೂನ್ 20, ಶುಕ್ರವಾರ

ಆರ್‌ಪಿಸಿ ಲೇಔಟಿನ ಬೆಳ್ಳಿ ಅಂಗಡಿಯ ಬಾಳೇಶ ಬಂದ. ಕಲ್ಲು ತೋರಿಸಲು ಬಂದದ್ದೋ, ನಮ್ಮ ಮುಖ ನೋಡಲು ಬಂದದ್ದೋ. ಮುರುಗೇಶ್ ಊರಿಗೆಲ್ಲ ಸಾರಿದ್ದಾನೆ.

"ಏನ್ ಕೊಟ್ರಪ್ಪಣ್ಣ," ಎಂದ ಬಾಗಿಲಲ್ಲೇ, "ಹೆಸ್ರು ಹೇಳಕ್ಕೆ ಮೀಟ್ರು ಹಾಕ್ತೀರಂತೆ? ಒನ್ ಅಂಡ್ ಹಾಫಾ?"

ನನ್ನದೇ ತಮಾಷೆ ನನ್ನ ಮನೆ ಬಾಗಿಲಿಗೆ ಬಂದು ನಿಂತಿತು. ಅದು ಇಷ್ಟು ಚುಚ್ಚುತ್ತದೆಂದು ಕನ್ನಡಿ ಮುಂದೆ ಅಭ್ಯಾಸ ಮಾಡುವಾಗ ಗೊತ್ತಾಗಿರಲಿಲ್ಲ. ಏನಾದರೂ ತಿರುಗಿ ಅನ್ನಬೇಕೆಂದು ಬಾಯಿ ತೆರೆದೆ. ಮಾಮ ಕೈ ಎತ್ತಿ ತಡೆದ.

ಜೇಬಿನಿಂದ ಆ ಸ್ಲ್ಯಾಬನ್ನು ತೆಗೆದು ಬಾಳೇಶನ ಕೈಗಿಟ್ಟ. ಉಜ್ಜಿದ ಜಾಗದಲ್ಲಿ ಬಣ್ಣ ಕದಡಿ ಒಣಗಿತ್ತು. "ಮೊದಲ ಇದನ್ನ ನೋಡು. ಇದನ್ನ ನಾ ಕಲ್ಲು ಅಂದಿದ್ದೆ. ನೋಡಿದಿ? ಈಗ ನಿಂದು ತಾ."

ಬಾಳೇಶ ತಂದದ್ದು ಜ್ಯಾಸ್ಪರ್. ಮಾಮ ಹೇಳಿದ, ಬಾಳೇಶ ತಲೆ ಕೆರೆದುಕೊಂಡು ಹೋದ. ಹೋಗುವಾಗ ತಮಾಷೆ ಮಾಡಲಿಲ್ಲ. ಸ್ಲ್ಯಾಬನ್ನು ಮಾಮ ಮತ್ತೆ ಜೇಬಿಗೆ ಹಾಕಲಿಲ್ಲ, ಬೋಗುಣಿಯ ಪಕ್ಕ ಇಟ್ಟ. ಅಲ್ಲೇ ಇದೆ. ಅರಗು ಕಾಯಿಸುವಾಗಲೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ.

ಜೂನ್ 28, ಶನಿವಾರ

ಪ್ರದರ್ಶನ ನಿನ್ನೆ ಶುರುವಾಗಿದೆ, ನಮ್ಮ ಕಲ್ಲಿಲ್ಲದೆ. ಇವತ್ತು ಮಧ್ಯಾಹ್ನ ಅತ್ತೆ ಹಿಟ್ಟು ನಾದುತ್ತಿದ್ದಳು, ಬಾಗಿಲಲ್ಲಿ ಸಂಘಮಿತ್ರಾ ಮೇಡಂ.

ಕೂರಲಿಲ್ಲ. ಬೋಗುಣಿಯ ಪಕ್ಕ ಇದ್ದ ಸ್ಲ್ಯಾಬನ್ನು ನೋಡಿದರು. ಮಾಮ ಅದನ್ನು ಎತ್ತಿ ಕೊಡಲು ಹೋದ. "ಗೊತ್ತು," ಎಂದರು. ಆಮೇಲೆ ಅದೇ ಕರವಸ್ತ್ರ ಬಿಚ್ಚಿದರು. ಒಳಗೊಂದು ಬೂದುಗಪ್ಪು ಸ್ಲ್ಯಾಬು, ನಡುನಡುವೆ ಕೆಂಪು ಚುಕ್ಕೆ. "ಪ್ರದರ್ಶನಕ್ಕೆ ಬಂದೋರೊಬ್ರು ಕೊಟ್ರು. ಇದೇನು?"

ಇದು ಪರೀಕ್ಷೆ ಎಂದು ಮಾಮನಿಗೂ ಗೊತ್ತಾಯಿತು, ನನಗೂ.

ಅದ್ದಿದ. ಬಿಸಿಲಿಗೆ ಹಿಡಿದ. ಎರಡೂ ಕಡೆ ತುಟಿಗೆ ತಾಗಿಸಿದ. ಅಂಚನ್ನು ಉಗುರಿನಿಂದ ಕೆರೆದು ನೋಡಿದ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ, ದನಿ ತಿರುವಿನಲ್ಲಿ ಕರಗಿತು.

"ಗೊತ್ತಿಲ್ರಿ ಮೇಡಂ," ಎಂದ ಮಾಮ.

ನಾನು ಈ ಮನೆಗೆ ಬಂದಾಗಿನಿಂದ ಆ ಮಾತನ್ನು ಕೇಳಿರಲಿಲ್ಲ. ಅತ್ತೆಯೂ ನಾದುವುದನ್ನು ನಿಲ್ಲಿಸಿದಳು.

ಮೇಡಂ ಕಲ್ಲನ್ನು ವಾಪಸು ಕೇಳುತ್ತಾರೆಂದು ಕಾಯುತ್ತಿದ್ದೆ. ಅವರು ಕರವಸ್ತ್ರವನ್ನು ಮಾತ್ರ ಮಡಚಿಕೊಂಡರು. "ಇಲ್ಲೇ ಇರ್ಲಿ ಹಾಗಾದ್ರೆ. ಗೊತ್ತಾದಾಗ ಹೇಳಿ," ಎಂದು ಚಪ್ಪಲಿ ಹಾಕಿಕೊಂಡು ಹೊರಟರು.

ಮಾಮ ಮೂರು ತಟ್ಟೆಗಳನ್ನು ನೋಡಿದ. ಯಾವುದಕ್ಕೂ ಹಾಕಲಿಲ್ಲ. ಒಳಗೆ ಹೋಗಿ, ಅತ್ತೆ ರೊಟ್ಟಿ ಹಾಕುವ ಸ್ಟೀಲ್ ತಾಟನ್ನು ಎತ್ತಿ ತಂದು, ಒರೆಸಿ, ಕಲ್ಲನ್ನು ಅದರ ನಡುವೆ ಇಟ್ಟ.

"ನೀ ಏನಂತಿ?" ಎಂದು ನನ್ನನ್ನು ಕೇಳಿದ.

ಸೂಜಿಯಿಂದ ಅಂಚನ್ನು ಗೀಚಿದೆ, ಗೆರೆ ಬೀಳಲಿಲ್ಲ. ಹತ್ತಿಯಿಂದ ಉಜ್ಜಿದೆ, ಹತ್ತಿ ಬೆಳ್ಳಗೇ ಉಳಿಯಿತು. ಕೆಂಪು ಚುಕ್ಕೆಯ ಸುತ್ತ ಬೂದು ಬಣ್ಣ ಕೊಂಚ ತಿಳಿಯಾಗಿತ್ತು, ಅದು ಯಾಕೆಂದು ತಿಳಿಯಲಿಲ್ಲ. ತುಟಿಗೂ ತಾಗಿಸಿ ನೋಡಿದೆ.

"ನನಗೂ ಗೊತ್ತಿಲ್ಲ ಮಾಮ."

"ಹಂಗಾರ ಕುಂದ್ರು ಬಾ."

ಕೂತೆ. ಮಾಮ ಒಮ್ಮೆ ಅದ್ದಿ ನೋಡುತ್ತಾನೆ, ನಾನೊಮ್ಮೆ ಅದ್ದಿ ನೋಡುತ್ತೇನೆ. ಒಳಗಿನಿಂದ ಅತ್ತೆಯ ಕೂಗು: "ಏನರ ಒಂದು ಹೆಸರು ಇಡ್ರಿ ಲಗೂನ, ನನಗ ರೊಟ್ಟಿಗೆ ತಾಟು ಬೇಕು!"

"ಇವತ್ತ ಆಗಾಂಗಿಲ್ಲ," ಎಂದ ಮಾಮ. "ಬ್ಯಾರೆ ತಾಟು ತಗೋ."